ಉಸ್ತರಾ ದಾಡಿಗೆ ಮುಖ ಹೇಗೆ ತಯಾರು ಮಾಡಿಕೊಳ್ಳಬೇಕು?

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 27. ಮುಂದಿನ ತಿಂಗಳು ನನ್ನ ಮದುವೆ. ಮನೆಯಲ್ಲಿ ಯಾವಾಗಲೂ ಟ್ರಿಮ್ಮರ್ ಬಳಸುತ್ತೇನೆ. ಮದುವೆಗೆ ಮಾತ್ರ ಉಸ್ತರಾದಿಂದ (ಕ್ಷೌರದ ಕತ್ತಿಯಿಂದ) ನುಣ್ಣಗೆ ದಾಡಿ ಮಾಡಿಸಬೇಕು ಅಂತ ಸೋದರಮಾವನ ಒತ್ತಾಯ. ನನಗೂ ಆಸೆ ಇದೆ. ಆದರೆ ಕಟಿಂಗ್ ಅಂಗಡಿಯಲ್ಲಿ ದಾಡಿ ಮಾಡಿಸಿದಾಗಲೆಲ್ಲ ಎರಡನೇ ದಿನಕ್ಕೆ ಕುತ್ತಿಗೆ ತುಂಬ ಕೆಂಪು ಗುಳ್ಳೆ ಏಳುತ್ತವೆ, ಉರಿಯುತ್ತದೆ. ಮೊದಲೇ ಎಣ್ಣೆ ಹಚ್ಚಿಕೊಂಡು ಹೋಗಲಾ? ಹಬೆ ಹಿಡಿಯಲಾ? ಸ್ಕ್ರಬ್ ಮಾಡಲಾ?

ಉತ್ತರ: ಮೊದಲಿಗೆ ಮದುವೆಯ ಶುಭಾಶಯ. ನಿಮ್ಮ ಪ್ರಶ್ನೆಯಲ್ಲಿ ಎಣ್ಣೆ ಇದೆ, ಹಬೆ ಇದೆ, ಸ್ಕ್ರಬ್ ಇದೆ. ನೀರು ಮಾತ್ರ ಇಲ್ಲ. ಉಸ್ತರಾ ದಾಡಿಗೆ ಬೇಕಾದ ದೊಡ್ಡ ತಯಾರಿ ಅದೊಂದೇ. ಗಡ್ಡದ ಕೂದಲಿಗೆ ನೀರು ಕುಡಿಸಬೇಕು, ಕುಡಿಯಲು ಹೊತ್ತು ಕೊಡಬೇಕು. ದಾಡಿ ಮಾಡುವುದೇ ನನ್ನ ಕಸುಬು. ಅಂಗಡಿಗೆ ಕಲಿಯಲು ಬರುವ ಹುಡುಗರಿಗೂ ಉಸ್ತರಾ ಕೈಗೆ ಕೊಡುವ ಮೊದಲು ಬ್ರಷ್ ಕೊಡುತ್ತೇನೆ. ನೊರೆ ಸರಿಯಾಗಿ ಕಟ್ಟಲು ಬಂದ ಮೇಲೆಯೇ ಮುಂದಿನ ಪಾಠ.

ಕಾರಣ ಹೇಳುತ್ತೇನೆ. ಗಡ್ಡದ ಕೂದಲು ತಲೆಕೂದಲಿಗಿಂತ ದಪ್ಪ, ಒರಟು. ಒಣಗಿದ್ದಾಗ ಅದು ಒಣ ತೊಗರಿ ಕಟ್ಟಿಗೆ ಇದ್ದ ಹಾಗೆ. ಕುಡುಗೋಲು ಹಾಕಿದರೆ ಸೀಳುತ್ತದೆಯೇ ಹೊರತು ಸಲೀಸಾಗಿ ತುಂಡಾಗುವುದಿಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನೀರು ಒಳಗೆ ಇಳಿದರೆ ಅದರ ಬಿಗಿ ಸಡಿಲವಾಗುತ್ತದೆ, ಕೂದಲು ಸ್ವಲ್ಪ ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಮೇಲೆ ಕಡಿಮೆ ಒತ್ತಡದಲ್ಲೇ ಬ್ಲೇಡ್ ಅದನ್ನು ಕತ್ತರಿಸುತ್ತದೆ. ಇದಕ್ಕೆ ಬೆಚ್ಚನೆ ನೀರಿನಲ್ಲಿ ಎರಡು-ಮೂರು ನಿಮಿಷ ಬೇಕು. ಎರಡು ಚಿಮುಕು ನೀರು ಹೊಡೆದು, ಕ್ರೀಮ್ ಸವರಿ, ತಕ್ಷಣ ಉಸ್ತರಾ ಎತ್ತಿದರೆ ಆ ಹೊತ್ತು ಸಿಗುವುದೇ ಇಲ್ಲ.

ಹೊತ್ತು ಸಿಗದ ಕೂದಲಿಗೆ ಏನಾಗುತ್ತದೆ ಗೊತ್ತಾ? ಬ್ಲೇಡ್ ಅದನ್ನು ಮೊದಲು ಎಳೆಯುತ್ತದೆ, ಆಮೇಲೆ ಕತ್ತರಿಸುತ್ತದೆ. ಎಳೆದಾಗ ಬೇರಿನಿಂದ ಮೇಲೆ ಬಂದ ಕೂದಲು ತುಂಡಾದ ಕೂಡಲೇ ಒಳಗೆ ಸರಿಯುತ್ತದೆ. ಅದರ ತುದಿ ಓರೆಯಾಗಿ, ಚೂಪಾಗಿ ಉಳಿದಿರುತ್ತದೆ. ಮರುದಿನ ಬೆಳೆಯುವಾಗ ಹೊರಗೆ ಬರುವ ಬದಲು ಪಕ್ಕದ ಚರ್ಮಕ್ಕೇ ಚುಚ್ಚುತ್ತದೆ. ನಿಮಗೆ ಎರಡನೇ ದಿನಕ್ಕೆ ಏಳುವ ಗುಳ್ಳೆಗಳಲ್ಲಿ ಹೆಚ್ಚಿನವು ಇವೇ ಇರಬೇಕು. ಗುಂಗುರು ಕೂದಲಿನವರಿಗೆ ಇದು ಇನ್ನೂ ಜಾಸ್ತಿ. ಕುತ್ತಿಗೆಯಲ್ಲೇ ಯಾಕೆ ಅಂದರೆ, ಅಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಊರಿನ ನೀರಿನ ವಿಚಾರ ಇಲ್ಲಿ ಹೇಳಲೇಬೇಕು. ಕಲಬುರಗಿ ಜಿಲ್ಲೆಯ ನೆಲದಡಿ ತುಂಬಾ ಕಡೆ ಸುಣ್ಣದ ಕಲ್ಲಿದೆ. ಶಹಾಬಾದ್ ಬಂಡೆ ಅದೇ. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಆ ಕಲ್ಲಿನ ಮೂಲಕ ಬರುವ ಬೋರ್‌ವೆಲ್ ನೀರು ಗಡಸು. ನಿಮ್ಮ ಮನೆಯ ಬಿಸಿನೀರಿನ ಪಾತ್ರೆಯ ಒಳಗೆ ಬೆರಳಾಡಿಸಿ ನೋಡಿ, ಬಿಳಿ ಪದರ ಕೈಗೆ ಹತ್ತುತ್ತದೆ ಅಲ್ವಾ? ನೀರಿನಲ್ಲಿರುವ ಆ ಸುಣ್ಣದ ಅಂಶ ಸೋಪಿನ ಜೊತೆ ಸೇರಿದರೆ ನೊರೆಯ ಬದಲು ಜಿಗುಟಾದ ಬಿಳಿ ಕೊಳೆ ಆಗುತ್ತದೆ. ನೊರೆ ನಿಲ್ಲುವುದಿಲ್ಲ, ಮುಖ ತೊಳೆದರೂ ಬಿಗಿದ ಹಾಗೆ ಅನಿಸುತ್ತದೆ. ಎಷ್ಟೋ ಜನ ಕ್ರೀಮ್ ಸರಿಯಿಲ್ಲ ಅಂತ ಬ್ರ್ಯಾಂಡ್ ಬದಲಿಸುತ್ತಾರೆ. ತಪ್ಪು ಕ್ರೀಮಿನದ್ದಲ್ಲ, ನೀರಿನದ್ದು. ದಾಡಿಗೆ ಬೇಕಾಗುವುದು ಅರ್ಧ ಲೀಟರ್ ನೀರು. ಅಷ್ಟನ್ನು ಕುಡಿಯುವ ನೀರಿನ ಕ್ಯಾನಿನಿಂದ ತೆಗೆದುಕೊಳ್ಳಿ. ಅಥವಾ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಡಸು ಪೂರ್ತಿ ಹೋಗುವುದಿಲ್ಲ, ಆದರೆ ಕಡಿಮೆಯಾಗುತ್ತದೆ. ಅಂಗಡಿಗೆ ಹೋಗುವಾಗ ಒಂದು ಬಾಟಲಿ ಒಳ್ಳೆ ನೀರು ಒಯ್ಯಲು ಸಂಕೋಚ ಬೇಡ. ಕೆಲಸ ಬಲ್ಲವನಿಗೆ ಅದು ಯಾಕೆ ಅಂತ ಕೂಡಲೇ ಗೊತ್ತಾಗುತ್ತದೆ.

ನೀರು ಎಷ್ಟು ಬಿಸಿ ಇರಬೇಕು? ಮುಂಗೈ ಒಳಭಾಗಕ್ಕೆ ಹಾಕಿದರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು. ಸುಡುವ ನೀರು ಕೂದಲನ್ನು ಹೆಚ್ಚು ಮೆತ್ತಗೆ ಮಾಡುವುದಿಲ್ಲ. ಚರ್ಮದ ಎಣ್ಣೆಯನ್ನೆಲ್ಲ ತೆಗೆದು ಕೆಂಪು ಮಾಡುತ್ತದೆ, ಅಷ್ಟೇ. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಮೇಲಿನ ಟ್ಯಾಂಕಿನ ನೀರೇ ಸಾಕಷ್ಟು ಬಿಸಿ ಇರುತ್ತದೆ. ಕಾಯಿಸುವ ಮಾತೇ ಇಲ್ಲ, ಒಮ್ಮೊಮ್ಮೆ ತಣ್ಣೀರು ಬೆರೆಸಬೇಕಾಗುತ್ತದೆ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಬಿಸಿ ಟವೆಲ್ ಬೇಕು. ಹಬೆ ಹಿಡಿಯುವುದರಿಂದ ಹೆಚ್ಚಿನ ಲಾಭ ಏನೂ ಇಲ್ಲ. ಸ್ನಾನ ಮುಗಿಸಿದ ಕೂಡಲೇ ದಾಡಿಗೆ ಕೂರುವುದು ಅದಕ್ಕಿಂತ ಒಳ್ಳೆಯದು.

ಈಗ ಕ್ರಮ. ಮೊದಲು ಮುಖವನ್ನು ಸೌಮ್ಯವಾದ ಫೇಸ್‌ವಾಶ್ ಅಥವಾ ಸೋಪಿನಿಂದ ತೊಳೆಯಬೇಕು. ಬೆವರು, ಧೂಳು, ಚರ್ಮದ ಎಣ್ಣೆ ಕೂದಲಿನ ಮೇಲೆ ಕೂತಿದ್ದರೆ ನೀರು ಒಳಗೆ ಹೋಗುವುದಿಲ್ಲ. ಎಣ್ಣೆ ಹಚ್ಚಿಕೊಂಡು ಹೋಗಲಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರವೂ ಇದರಲ್ಲೇ ಇದೆ. ಒಣ ಗಡ್ಡಕ್ಕೆ ಮೊದಲೇ ಎಣ್ಣೆ ಹಚ್ಚಿದರೆ ನೀರಿಗೆ ಬಾಗಿಲು ಹಾಕಿದಂತೆ. ಹಚ್ಚಲೇಬೇಕು ಅಂದರೆ ತೊಳೆದು, ನೆನೆಸಿ, ಟವೆಲ್ ತೆಗೆದ ಮೇಲೆ ಎರಡು ಹನಿ ಸಾಕು. ಚರ್ಮ ತುಂಬಾ ಒಣ ಇರುವವರಿಗೆ ಮಾತ್ರ. ಮೊಡವೆ ಇರುವವರಿಗೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ. ಕುಸುಬಿ, ಶೇಂಗಾ ಎಣ್ಣೆ ಅಡುಗೆಗೇ ಇರಲಿ. ನಿಮ್ಮ ಕುತ್ತಿಗೆಗಂತೂ ಎಣ್ಣೆಯೇ ಬೇಡ ಅಂತ ನನ್ನ ಅಭಿಪ್ರಾಯ.

ತೊಳೆದ ಮೇಲೆ ಬಿಸಿ ಟವೆಲ್. ಹತ್ತಿಯದ್ದು, ಒಗೆದದ್ದು, ನಿಮಗೊಬ್ಬರಿಗೇ ಬಳಸುವಂಥದ್ದು ಇರಬೇಕು. ಬೆಚ್ಚನೆ ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಗದ್ದದಿಂದ ಮೇಲಕ್ಕೆ ಸುತ್ತಿ, ಮೂಗು ಮಾತ್ರ ಹೊರಗೆ ಬಿಡಬೇಕು. ಒಂದೂವರೆ-ಎರಡು ನಿಮಿಷಕ್ಕೆ ಅದು ಆರುತ್ತದೆ. ಇನ್ನೊಮ್ಮೆ ಅದ್ದಿ ಸುತ್ತಿದರೆ ಆಯಿತು. ಕುತ್ತಿಗೆಯ ಕೆಳಭಾಗಕ್ಕೂ ತಾಗಬೇಕು. ಹೆಚ್ಚಿನವರು ಕೆನ್ನೆಗೆ ಸುತ್ತಿ ಕುತ್ತಿಗೆ ಬಿಟ್ಟುಬಿಡುತ್ತಾರೆ, ತೊಂದರೆ ಬರುವ ಜಾಗವೇ ಒಣಗಿ ಉಳಿಯುತ್ತದೆ. ಟವೆಲ್ ತೆಗೆದ ಮೇಲೆ ಮುಖ ಒರೆಸಬೇಡಿ. ಒದ್ದೆಯ ಮೇಲೆಯೇ ನೊರೆ ಬರಬೇಕು.

ನೊರೆಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ. ಡಬ್ಬಿಯಿಂದ ಬುಸ್ ಅಂತ ಬರುವ ಫೋಮಿನಲ್ಲಿ ಗಾಳಿಯೇ ಹೆಚ್ಚು. ಉಸ್ತರಾಕ್ಕೆ ಟ್ಯೂಬಿನ ಕ್ರೀಮ್ ಅಥವಾ ಶೇವಿಂಗ್ ಸೋಪ್, ಜೊತೆಗೆ ಬ್ರಷ್ ಒಳ್ಳೆಯದು. ಬ್ರಷ್ಷನ್ನು ಬೆಚ್ಚನೆ ನೀರಿನಲ್ಲಿ ಒಂದು ನಿಮಿಷ ನೆನೆಸಿಡಿ. ಎತ್ತಿ ಒಮ್ಮೆ ಕೊಡವಿ, ಹಿಂಡಬೇಡಿ. ಬಾದಾಮಿ ಗಾತ್ರದ ಕ್ರೀಮ್ ಬಟ್ಟಲಿಗೆ ಹಾಕಿ ತಿರುವುತ್ತಾ ಹೋಗಿ. ಮೊದಲು ಗಟ್ಟಿಯಾಗಿ ಅಂಟುತ್ತದೆ. ಬೆರಳ ತುದಿಯಿಂದ ಒಂದೊಂದು ಹನಿ ನೀರು ಬಿಡುತ್ತಾ ಮತ್ತೆ ತಿರುವಿ. ಸ್ವಲ್ಪ ಹೊತ್ತಿಗೆ ದೊಡ್ಡ ಗುಳ್ಳೆಗಳೆಲ್ಲ ಒಡೆದು ನೊರೆ ಹೊಳೆಯಲು ಶುರುವಾಗುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಸ್ವಲ್ಪ ತೆಗೆದುಕೊಂಡು ಉಜ್ಜಿ ನೋಡಿ. ಬೆರಳು ಜಾರಬೇಕು. ಅಂಟಿದರೆ ನೀರು ಸಾಲದು. ಚಟಪಟ ಸದ್ದು ಬಂದು ಕರಗಿದರೆ ನೀರು ಜಾಸ್ತಿಯಾಗಿದೆ, ಇನ್ನಷ್ಟು ಕ್ರೀಮ್ ಬೇಕು.

ಇದನ್ನು ಮುಖಕ್ಕೆ ಹಚ್ಚುವುದು ಬಣ್ಣ ಬಳಿಯುವ ಕೆಲಸ ಅಲ್ಲ. ಬ್ರಷ್ಷನ್ನು ಮೆಲ್ಲಗೆ ಸುತ್ತು ಸುತ್ತಾಗಿ ಆಡಿಸಬೇಕು. ಆಗ ಮಲಗಿರುವ ಕೂದಲು ಎದ್ದು ನಿಲ್ಲುತ್ತದೆ, ನೊರೆ ಬುಡಕ್ಕೆ ಇಳಿಯುತ್ತದೆ, ಸತ್ತ ಚರ್ಮವೂ ಸ್ವಲ್ಪ ಬಿಡುತ್ತದೆ. ನಿಮ್ಮ ಸ್ಕ್ರಬ್‌ನ ಕೆಲಸವನ್ನು ಬ್ರಷ್ಷೇ ಮಾಡಿಬಿಡುತ್ತದೆ. ಹಚ್ಚಿದ ಮೇಲೆ ಒಂದು ನಿಮಿಷ ಹಾಗೇ ಬಿಡಬೇಕು. ಇಲ್ಲಿ ನಮ್ಮ ಅಂಗಡಿಗಳಲ್ಲಿ ಒಂದು ತೊಡಕಿದೆ. ಕುರ್ಚಿಯ ನೆತ್ತಿಯ ಮೇಲೆಯೇ ಫ್ಯಾನ್ ಇರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ, ಬಲಗೆನ್ನೆ ಮುಗಿಸಿ ಎಡಗಡೆ ಬರುವಷ್ಟರಲ್ಲಿ ನೊರೆ ಒಣಗಿ ಬಿಳಿ ಪೊರೆಯಾಗಿರುತ್ತದೆ. ಅದರ ಮೇಲೆ ಉಸ್ತರಾ ಓಡಿಸಿದರೆ ಒಣ ದಾಡಿ ಮಾಡಿದ ಹಾಗೆಯೇ. ಫ್ಯಾನ್ ಕಡಿಮೆ ಮಾಡಲು ಹೇಳಿ. ಒಣಗಿದ್ದು ಕಂಡರೆ, "ಇನ್ನೊಮ್ಮೆ ಬ್ರಷ್ ಆಡಿಸಿ ಅಣ್ಣಾ" ಅಂತ ಧಾರಾಳವಾಗಿ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಕಡೆ ಎಷ್ಟೋ ಅಂಗಡಿಗಳ ಗೋಡೆಯಲ್ಲಿ ಹಡಪದ ಅಪ್ಪಣ್ಣನವರ ಫೋಟೊ ಇರುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರ ಒಡನಾಡಿಯಾಗಿದ್ದ ಶರಣರು. ಆ ಫೋಟೊದ ಕೆಳಗೆ ನಿಂತು ಮಾಡುವ ಕೆಲಸವನ್ನು ಕಾಯಕ ಅಂತ ನಂಬಿದವರು ನಾವು. ಐದು ನಿಮಿಷ ಉಳಿಸಲು ನೊರೆಯಲ್ಲಿ ಅವಸರ ಮಾಡುವುದು ಸರಿಯಲ್ಲ ಅಂತ ನಮ್ಮ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ. ಭಾನುವಾರ ಬೆಂಚಿನ ತುಂಬ ಜನ ಕಾಯುವಾಗ ಅದು ಕಷ್ಟ, ನಿಜ. ಅದಕ್ಕೇ ನೀವು ವಾರದ ನಡುವೆ, ಮಧ್ಯಾಹ್ನದ ಹೊತ್ತು ಹೋಗಿ.

ಇನ್ನು ಕೂದಲ ದಿಕ್ಕು. ಎರಡು ದಿನ ಗಡ್ಡ ಬಿಟ್ಟು, ಕನ್ನಡಿ ಮುಂದೆ ನಿಂತು ಕುತ್ತಿಗೆಯ ಮೇಲೆ ಬೆರಳಾಡಿಸಿ. ಯಾವ ಕಡೆಗೆ ಸವರಿದರೆ ನುಣುಪು, ಯಾವ ಕಡೆಗೆ ಸವರಿದರೆ ಒರಟು ಅಂತ ಜಾಗ ಜಾಗಕ್ಕೂ ನೋಡಿ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಗೆ ಬೆಳೆಯುತ್ತದೆ. ಕುತ್ತಿಗೆಯಲ್ಲಿ ಒಂದು ಕಡೆ ಕಿವಿಯತ್ತ, ಇನ್ನೊಂದು ಕಡೆ ಗಂಟಲಿನತ್ತ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಸುಳಿಯೇ ಇರುತ್ತದೆ. ಎಡಕ್ಕೂ ಬಲಕ್ಕೂ ಹೊಂದುವುದಿಲ್ಲ. ಇದನ್ನು ನೀವು ಒಮ್ಮೆ ತಿಳಿದುಕೊಂಡು ದಾಡಿ ಮಾಡುವವರಿಗೆ ಬೆರಳಿಟ್ಟು ತೋರಿಸಿ. ನಿಮ್ಮಂಥ ಚರ್ಮಕ್ಕೆ ಕೂದಲು ಬೆಳೆದ ದಿಕ್ಕಿಗೇ ಉಸ್ತರಾ ಹೋಗಬೇಕು, ಒಂದೇ ಸುತ್ತು. ಉಲ್ಟಾ ಹೊಡೆಯುವುದು ಬೇಡವೇ ಬೇಡ. ಕೆನ್ನೆಗೆ ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಇನ್ನೊಂದು ಸುತ್ತು ಹಾಕಬಹುದು. ಚರ್ಮವನ್ನು ಬೆರಳಿಂದ ಹಿಡಿದು ಮಟ್ಟ ಮಾಡುವುದು ಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಕೊಯ್ಯುತ್ತದೆ. ಆದರೆ ಜೋರಾಗಿ ಎಳೆದು ಹಿಡಿದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಮುಟ್ಟಿದರೆ ತುಂಬಾ ನುಣುಪು ಅನಿಸುತ್ತದೆ, ಗುಳ್ಳೆ ಏಳುವುದೂ ಅದಕ್ಕೇ. ನಿಮ್ಮ ಸೋದರಮಾವನವರಿಗೆ ಇದನ್ನು ಹೇಳಿ. ಕುತ್ತಿಗೆಯಲ್ಲಿ ಕೈಗೆ ಸ್ವಲ್ಪ ತರಿ ಸಿಕ್ಕರೂ ಫೋಟೊದಲ್ಲಿ ಕಾಣುವುದಿಲ್ಲ. ಗುಳ್ಳೆ ಕಾಣುತ್ತದೆ.

ಗಡ್ಡ ಉದ್ದ ಇದ್ದರೆ ಮೊದಲು ಟ್ರಿಮ್ಮರಿನಿಂದ ಗಿಡ್ಡ ಮಾಡಿಸಿ. ಎರಡು-ಮೂರು ದಿನದ ಬೆಳವಣಿಗೆ ಇದ್ದರೆ ಉಸ್ತರಾಕ್ಕೆ ಸರಿ.

ಸ್ಕ್ರಬ್ ಬಗ್ಗೆ: ಕಾಳು ಕಾಳಾಗಿರುವ ವಾಲ್‌ನಟ್ ಸ್ಕ್ರಬ್ ದಾಡಿಯ ದಿನ ಮುಟ್ಟಬೇಡಿ. ಒಳಗೆ ಬೆಳೆಯುವ ಕೂದಲಿನ ತೊಂದರೆ ಇರುವವರು ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ಬಳಸಿದರೆ ಅನುಕೂಲ, ರಂಧ್ರದ ಬಾಯಿ ತೆರೆದಿರುತ್ತದೆ. ಈಗಿನಿಂದಲೇ ದಿನ ಬಿಟ್ಟು ದಿನ ಶುರು ಮಾಡಿ, ದಾಡಿಗೆ ಎರಡು ದಿನ ಮೊದಲು ನಿಲ್ಲಿಸಿ. ಮೊಡವೆಗೆ ಟ್ರೆಟಿನಾಯಿನ್, ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಇಂಥ ಮುಲಾಮು ಹಚ್ಚುತ್ತಿದ್ದರೆ ದಾಡಿಯವರಿಗೆ ಮೊದಲೇ ಹೇಳಬೇಕು. ಅವುಗಳಿಂದ ಮೇಲ್ಚರ್ಮ ನಾಜೂಕಾಗಿರುತ್ತದೆ, ಕೆಲವು ದಿನ ಬಿಡಬೇಕಾಗಬಹುದು, ನಿಮ್ಮ ಡಾಕ್ಟರನ್ನು ಕೇಳಿ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಉಸ್ತರಾ ಆಸೆ ಸದ್ಯಕ್ಕೆ ಬಿಡಿ. ಬೆಳ್ಳಗಾಗಲು ಅಂತ ಮೆಡಿಕಲ್ ಅಂಗಡಿಯಿಂದ ಚೀಟಿ ಇಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಕ್ರೀಮ್ ಇದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಚರ್ಮ ತೆಳ್ಳಗಾಗಿ, ರಕ್ತನಾಳ ಕಾಣುವಂತಾಗಿ, ಬ್ಲೇಡ್ ಸೋಕಿದರೂ ಕೆಂಪಾಗುತ್ತದೆ. ಮದುವೆ ಗೊತ್ತಾದ ಹುಡುಗರು ಇದನ್ನು ಹಚ್ಚಿಕೊಂಡು ಬರುವುದು ನೋಡಿದರೆ ಸಂಕಟವಾಗುತ್ತದೆ. ನೀವು ಅದರ ಹತ್ತಿರ ಹೋಗಬೇಡಿ.

ಕೀವು ತುಂಬಿದ ಮೊಡವೆ, ತುಟಿ ಪಕ್ಕದ ನೀರುಗುಳ್ಳೆ, ಗಜಕರ್ಣ, ಸಣ್ಣ ನರುಳ್ಳೆ ಇವು ಗಡ್ಡದ ಜಾಗದಲ್ಲಿ ಇದ್ದರೆ ದಾಡಿ ಬೇಡ. ಬ್ಲೇಡ್ ಅವನ್ನು ಮುಖದ ತುಂಬ ಹರಡುತ್ತದೆ. ಗಾಯವಾದ ಕಡೆ ಗಡ್ಡೆಯಾಗಿ ಉಬ್ಬುವ ಚರ್ಮ ನಿಮ್ಮದಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚರ್ಮದ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಬ್ಲೇಡ್ ಬಗ್ಗೆಯೂ ಒಂದು ಮಾತು. ಹಿಂದಿನ ಉಸ್ತರಾವನ್ನು ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ತೀಡಿ, ಒಬ್ಬರಿಂದ ಒಬ್ಬರಿಗೆ ಬಳಸುತ್ತಿದ್ದರು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಅರ್ಧ ಬ್ಲೇಡ್ ಹಾಕುವ ಉಸ್ತರಾ ಇದೆ. ಅದೇ ಸರಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನದವರೆಗೂ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬ್ಲೇಡ್ ನಿಮ್ಮ ಎದುರಿಗೇ ಪೊಟ್ಟಣದಿಂದ ತೆಗೆದು, ಅರ್ಧ ಮುರಿದು ಉಸ್ತರಾಕ್ಕೆ ಹಾಕಬೇಕು. ಅದಕ್ಕಿಂತ ಮುಂಚೆ ಬ್ಲೇಡ್ ಕೂರುವ ಸಂದಿಯನ್ನು ಸೋಪಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸಿರಬೇಕು, ಕೊಳೆ ನಿಲ್ಲುವುದು ಅಲ್ಲೇ. ಬ್ರಷ್ ನಿಮ್ಮದೇ ಒಯ್ದರೆ ಇನ್ನೂ ಒಳ್ಳೆಯದು. ಮಸೆಯುವ ಹಳೇ ಉಸ್ತರಾವನ್ನು ಸ್ವಂತಕ್ಕೆ ಇಟ್ಟುಕೊಂಡು ಮನೆಯಲ್ಲಿ ಕಲಿಯುವ ಆಸೆ ಇದ್ದರೆ ಚೆಂದವೇ, ಆದರೆ ಮದುವೆ ಮುಗಿದ ಮೇಲೆ.

ದಾಡಿ ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ಉಜ್ಜದೆ ಟವೆಲ್ ಒತ್ತಿ ಒರೆಸಿ. ಸಣ್ಣ ಗೀರಿನ ರಕ್ತ ನಿಲ್ಲಿಸಲು ಪಟಕರಿ (ಆಲಂ) ಒಳ್ಳೆಯದೇ, ಅದು ಚರ್ಮವನ್ನು ಬಿಗಿಗೊಳಿಸುತ್ತದೆ. ಆದರೆ ಅಂಗಡಿಯಲ್ಲಿ ಎಲ್ಲರ ಮುಖಕ್ಕೂ ತಿಕ್ಕಿದ ಒಂದೇ ಹರಳು ಬೇಡ. ಹತ್ತು-ಇಪ್ಪತ್ತು ರೂಪಾಯಿ ಕೊಟ್ಟರೆ ಕಿರಾಣಿ ಅಂಗಡಿಯಲ್ಲಿ ಒಂದು ತುಂಡು ಸಿಗುತ್ತದೆ, ನಿಮ್ಮದೇ ಒಯ್ಯಿರಿ. ಅದು ಒಣಗಿದ ಮೇಲೆ ತೊಳೆದು, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ನೀರು ಬೆರೆಸದ ಡೆಟಾಲ್ ಹಚ್ಚುವ ರೂಢಿ ಕೆಲವು ಕಡೆ ಇದೆ. ಅದು ಚರ್ಮ ಸುಡುತ್ತದೆ, ಬೇಡ ಅನ್ನಿ. ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಕೂಡ ನಿಮಗೆ ಬೇಡ.

ಮದುವೆ ಅಂದ ಮೇಲೆ ಅರಿಶಿಣ, ಸುರಗಿ ಇದ್ದೇ ಇರುತ್ತವೆ. ಈಗಷ್ಟೇ ಉಸ್ತರಾ ಆಡಿದ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಅದರ ಮೇಲೆ ಅಕ್ಕ, ಅತ್ತಿಗೆಯರೆಲ್ಲ ಸೇರಿ ಅರಿಶಿಣ ತಿಕ್ಕಿದರೆ ಉರಿ ಖಂಡಿತ. ಆದ್ದರಿಂದ ಅರಿಶಿಣದ ಶಾಸ್ತ್ರ ಮುಗಿಸಿ, ಮೆಲ್ಲಗೆ ತೊಳೆದು, ಚರ್ಮಕ್ಕೆ ಕೆಲವು ತಾಸು ವಿಶ್ರಾಂತಿ ಕೊಟ್ಟು, ಮದುವೆಯ ಹಿಂದಿನ ಸಂಜೆ ದಾಡಿ ಮಾಡಿಸಿ. ಬೆಳಿಗ್ಗೆ ಅಕ್ಷತೆಯ ಹೊತ್ತಿಗೆ ಕೆಂಪು ಇಳಿದಿರುತ್ತದೆ. ಮೊದಲು ಕ್ಷೌರ, ಆಮೇಲೆ ಅರಿಶಿಣ ಅನ್ನುವ ಪದ್ಧತಿ ನಿಮ್ಮ ಮನೆಯದಾದರೆ ಹಿರಿಯರ ಮಾತು ಮೀರುವುದು ಬೇಡ. ಕೆನ್ನೆ, ಕುತ್ತಿಗೆಗೆ ಸುಮ್ನೆ ಸೋಕಿಸಿ, ತಿಕ್ಕುವುದು ಕೈಕಾಲಿಗೆ ಇರಲಿ ಅಂತ ಕೇಳಿಕೊಳ್ಳಿ. ಮದುಮಗನ ಪ್ಯಾಕೇಜ್ ಅಂತ ಸಲೂನಿನಲ್ಲಿ ಫೇಶಿಯಲ್, ಬ್ಲೀಚ್, ದಾಡಿ ಒಂದೇ ದಿನ ಮಾಡಿಸುವುದಂತೂ ಬೇಡ. ಬ್ಲೀಚಿನ ರಾಸಾಯನಿಕ ಹಸಿ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗಾಗುತ್ತದೆ. ಬ್ಲೀಚ್ ಬೇಕೇ ಬೇಕು ಅಂದರೆ ಒಂದು ವಾರ ಮೊದಲು ಮುಗಿಸಿ.

ಕೊನೆಯದಾಗಿ, ಮದುವೆಗೆ ಎರಡು ವಾರ ಮೊದಲು ಇದೇ ಕ್ರಮದಲ್ಲಿ, ಅದೇ ಅಂಗಡಿಯಲ್ಲಿ, ಅದೇ ಕೈಯಿಂದ ಒಮ್ಮೆ ದಾಡಿ ಮಾಡಿಸಿ ನೋಡಿ. ಮೂರು ದಿನ ಕಾಯಿರಿ. ಗುಳ್ಳೆ ಏಳದಿದ್ದರೆ ಮದುವೆಗೂ ಧೈರ್ಯವಾಗಿ ಅಲ್ಲೇ ಕೂರಬಹುದು. ಒಂದೆರಡು ಎದ್ದರೆ ಕುತ್ತಿಗೆಯನ್ನು ಟ್ರಿಮ್ಮರಿಗೆ ಬಿಟ್ಟು ಕೆನ್ನೆಗೆ ಮಾತ್ರ ಉಸ್ತರಾ ಹಾಕಿಸಿ. ಇಷ್ಟೆಲ್ಲ ಮಾಡಿಯೂ ಕುತ್ತಿಗೆ ತುಂಬ ಎದ್ದರೆ ಗುಳ್ಳೆ ಚಿವುಟಬೇಡಿ, ಕಲೆ ಉಳಿಯುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಮದುವೆಗೆ ಒಂದು ಮಿಲಿಮೀಟರ್ ಗಡ್ಡ ಉಳಿಸಿ ಅಂಚು ನೀಟಾಗಿ ತೀಡಿಸಿಕೊಳ್ಳಿ.